ನಾಲ್ಕು ಎಕರೆ ಕಡಲೆ, ಒಂದು ಕುರಿ ಹಿಂಡು: ದಂಡ ಕಟ್ಟಿದರೂ ಮುಗಿಯದ ಜಗಳದ ಪ್ರಕರಣ ಅಧ್ಯಯನ

ಈ ಪ್ರಕರಣ ನಡೆದದ್ದು ಗದಗ–ಧಾರವಾಡ ಸೀಮೆಯ ಒಂದು ಊರಿನಲ್ಲಿ, 2023ರ ನವೆಂಬರ್ ತಿಂಗಳಲ್ಲಿ. ಊರಿನ ಹೆಸರನ್ನಾಗಲಿ ಜನರ ಹೆಸರನ್ನಾಗಲಿ ಇಲ್ಲಿ ಹೇಳಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಎರಡನೆಯ ಸುತ್ತಿನ ಮಾತುಕತೆಯಲ್ಲಿ ಎರಡೂ ಕಡೆಯವರ ಒಪ್ಪಿಗೆ ಪಡೆದು ನಾನೂ ಕುಳಿತಿದ್ದೆ. ಅದಕ್ಕೆ ಮೊದಲು ನಡೆದದ್ದನ್ನು ರೈತರಿಂದಲೂ ಕುರಿಗಾಹಿಗಳಿಂದಲೂ ಬೇರೆ ಬೇರೆಯಾಗಿ ಕೇಳಿ, ಹೊಂದಿಸಿಕೊಂಡು ಬರೆದಿದ್ದೇನೆ.

ರೈತರು ಮತ್ತು ಕುರಿಗಾಹಿಗಳ ಜಗಳವನ್ನು ನಾವು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತೇವೆ: ಕುರಿ ಬೆಳೆ ಮೇದವು, ಹಿರಿಯರು ದಂಡ ಹಾಕಿದರು, ಹಿಂಡು ಮುಂದೆ ಹೋಯಿತು. ಈ ಊರಿನಲ್ಲಿ ದಂಡ ಕಟ್ಟಿದ ಮರುದಿನವೇ ಜಗಳ ಇನ್ನಷ್ಟು ಜೋರಾಯಿತು. ಹಾಗೇಕಾಯಿತು ಎಂಬುದರಲ್ಲಿ ಬೇರೆ ಊರುಗಳವರಿಗೂ ಉಪಯೋಗವಾಗುವ ವಿಚಾರಗಳಿವೆ ಎಂದು ನಾನು ನಂಬಿದ್ದೇನೆ.

ಹಿನ್ನೆಲೆ

ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಒಣಸೀಮೆಯ ಕುರಿಗಾಹಿ ಕುಟುಂಬಗಳು, ಬಹುಪಾಲು ಕುರುಬ ಸಮುದಾಯದವರು, ದೀಪಾವಳಿಯ ಆಸುಪಾಸಿನಲ್ಲಿ ಹಿಂಡು ಹೊಡೆದುಕೊಂಡು ದಕ್ಷಿಣಕ್ಕೆ ಹೊರಡುತ್ತಾರೆ. ಧಾರವಾಡ, ಗದಗ, ಹಾವೇರಿ ಹಾಯ್ದು ಕೆಲವರು ಮಲೆನಾಡಿನ ಅಂಚಿನವರೆಗೂ ಹೋಗುತ್ತಾರೆ. ಮುಂಗಾರು ಕಾಲಿಡುವ ಹೊತ್ತಿಗೆ ಮತ್ತೆ ತಮ್ಮ ಸೀಮೆಗೆ ಮರಳುತ್ತಾರೆ. ಅವರ ದಖ್ಖನಿ ಕುರಿ ಎಷ್ಟು ದೂರ ಬೇಕಾದರೂ ನಡೆಯುತ್ತದೆ, ಒಣಮೇವಿನಲ್ಲಿ ಬದುಕುತ್ತದೆ. ಆದರೆ ಕೆಸರು ಮಾತ್ರ ಅದಕ್ಕೆ ಆಗಿಬರುವುದಿಲ್ಲ, ಗೊರಸು ಕೊಳೆಯುತ್ತದೆ. ಮಳೆಗಾಲಕ್ಕೆ ಒಣನಾಡು, ಬೇಸಿಗೆಗೆ ಮೇವು ನೀರು ಉಳಿದಿರುವ ನಾಡು ಎಂಬ ಈ ಸುತ್ತಾಟ ಹುಟ್ಟಿದ್ದೇ ಹಾಗೆ.

ದಾರಿಯ ಊರುಗಳ ರೈತರು ಈ ಹಿಂಡುಗಳಿಗಾಗಿ ಕಾಯುತ್ತಿದ್ದ ಕಾಲ ತೀರ ಹಳೆಯದೇನಲ್ಲ. ಫಸಲು ಕೊಯ್ದ ಹೊಲದಲ್ಲಿ ರಾತ್ರಿ ಕುರಿ ತರುಬಿಸಿದರೆ, ಅಂದರೆ ಹಿಂಡನ್ನು ಅಲ್ಲಿಯೇ ತಂಗಿಸಿದರೆ, ಹಿಕ್ಕೆ, ಮೂತ್ರ ಎರಡೂ ನೇರವಾಗಿ ಮಣ್ಣಿಗೆ ಸೇರುತ್ತವೆ. ಕುರಿಗೊಬ್ಬರದಲ್ಲಿ ಸುಮಾರು ಶೇ 3ರಷ್ಟು ಸಾರಜನಕ, ಶೇ 1ರಷ್ಟು ರಂಜಕ, ಶೇ 2ರಷ್ಟು ಪೊಟ್ಯಾಷ್ ಇರುತ್ತದೆ. ಕೊಟ್ಟಿಗೆ ಗೊಬ್ಬರಕ್ಕಿಂತ ಇದು ಬಹಳ ಹೆಚ್ಚು. ಅದಕ್ಕೆ ಪ್ರತಿಯಾಗಿ ಕುರಿಗಾಹಿಗಳಿಗೆ ಜೋಳವೋ ಹಣವೋ ಸಿಗುತ್ತದೆ, ಹಿಂಡಿಗೆ ಕೂಳೆಯ ಮೇವು ಸಿಗುತ್ತದೆ.

ಈ ಊರಿನಲ್ಲಿ ಎರಡು ಬಗೆಯ ನೆಲವಿದೆ. ಹಳ್ಳದ ಆಚೆ ಎರೆಭೂಮಿ (ಕಪ್ಪು ಮಣ್ಣು), ಹಿಂಗಾರಿಗೆ ಜೋಳ, ಕಡಲೆ, ಕುಸುಬೆ. ಈಚೆ ಮಸಾರಿ (ಕೆಂಪು ಮಣ್ಣು), ಮುಂಗಾರಿಗೆ ಗೋವಿನಜೋಳ, ಶೇಂಗಾ. ಮಸಾರಿಯ ಬೆಳೆ ದೀಪಾವಳಿಗೆ ಮನೆ ಸೇರುತ್ತಿತ್ತು, ನೆಲ ಯುಗಾದಿಯವರೆಗೆ ಖಾಲಿ ಇರುತ್ತಿತ್ತು. ಹೋಗುವಾಗ ಹಿಂಡು ಮಸಾರಿಯಲ್ಲಿ ಇಳಿದುಕೊಳ್ಳುತ್ತಿತ್ತು, ಬರುವಾಗ ಎರೆಯಲ್ಲಿ. ಈ ಲೆಕ್ಕಾಚಾರವನ್ನು ಯಾರೂ ಕಾಗದದ ಮೇಲೆ ಬರೆದಿರಲಿಲ್ಲ. ಬೆಳೆಯ ಕಾಲವೇ ಅದನ್ನು ನಡೆಸಿಕೊಂಡು ಹೋಗುತ್ತಿತ್ತು.

ಇಳಿದುಕೊಳ್ಳಲು ಮೂರನೆಯ ಜಾಗವೊಂದಿತ್ತು, ಗೋಮಾಳ, ಅಂದರೆ ಜಾನುವಾರು ಮೇಯಲು ಬಿಟ್ಟ ಸರ್ಕಾರಿ ಜಾಗ. ಕರ್ನಾಟಕ ಭೂಕಂದಾಯ ನಿಯಮಗಳು, 1966ರ ಪ್ರಕಾರ ಪ್ರತಿ 100 ಜಾನುವಾರುಗಳಿಗೆ 30 ಎಕರೆ ಗೋಮಾಳವನ್ನು ಕಾದಿರಿಸಬೇಕು. ಇಲ್ಲಿ ಒಂದಷ್ಟು ಬಗರ್ ಹುಕುಂ (ಅನುಮತಿಯಿಲ್ಲದ) ಸಾಗುವಳಿಗೆ ಹೋಗಿದೆ, ಒಂದಷ್ಟು ನಿವೇಶನಗಳಿಗೆ. ಉಳಿದದ್ದರಲ್ಲಿ ಜಾಲಿ ಬೆಳೆದಿದೆ.

ಆ ವರ್ಷ ಬದಲಾದದ್ದು

2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿದ ವರ್ಷ ಅದು. ಮಸಾರಿಯ ಗೋವಿನಜೋಳ ತೆನೆ ಕಟ್ಟುವ ಮೊದಲೇ ಒಣಗಿತು. ಕೊಳವೆಬಾವಿಯಲ್ಲಿ ಸ್ವಲ್ಪವಾದರೂ ನೀರಿದ್ದವರು ಅದನ್ನು ಹರಗಿ ಕಡಲೆ ಬಿತ್ತಿದರು. ಹಿಂಡು ಬರುವ ಹೊತ್ತಿಗೆ ಪ್ರತಿ ವರ್ಷ ಖಾಲಿ ಇರುತ್ತಿದ್ದ ನೆಲದಲ್ಲಿ ಒಂದು ತಿಂಗಳ ಹಸಿರು ಪೈರು ನಿಂತಿತ್ತು. ಕುರಿಗಾಹಿಗಳ ಸೀಮೆಯಲ್ಲಿಯೂ ಅದೇ ಬರ. ಅವರು ವಾಡಿಕೆಗಿಂತ ಬೇಗನೆ ಹೊರಟಿದ್ದರು.

ಊರಿನ ಒಬ್ಬ ಭೂಮಾಲೀಕರು ಎಂದಿನಂತೆ ಕುರಿಗಾಹಿಗಳ ಹಿರಿಯರಿಗೆ ಮೊಬೈಲ್‌ನಲ್ಲಿ ಕರೆ ಮಾಡಿ ಕುರಿ ತರುಬಲು ಹೇಳಿದ್ದರು. ‘ಹಳ್ಳದ ದಂಡೆಯ ಹೊಲ’ ಎಂದಷ್ಟೇ ಹೇಳಿದರು. ಹಳ್ಳದ ದಂಡೆಯಲ್ಲಿ ಅವರಿಗೆ ಒಂದಕ್ಕೊಂದು ಹೊಂದಿಕೊಂಡ ಎರಡು ಹೊಲಗಳಿವೆ. ಒಂದು ಆ ವರ್ಷ ಬೀಳು ಬಿದ್ದಿತ್ತು, ಅವರ ಮನಸ್ಸಿನಲ್ಲಿದ್ದದ್ದು ಅದು. ಇನ್ನೊಂದನ್ನು, ನಾಲ್ಕು ಎಕರೆಯದ್ದನ್ನು, ಊರಿನದೇ ಒಬ್ಬ ತರುಣನಿಗೆ ಯುಗಾದಿಯಿಂದ ಯುಗಾದಿಗೆ ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟಿದ್ದರು. ಆತನಿಗೆ ಸ್ವಂತ ಭೂಮಿಯಿಲ್ಲ. ಮುಂಗಾರು ಬೆಳೆ ಕಳೆದುಕೊಂಡು, ಕೈಗಡ ಮಾಡಿ ಕಡಲೆ ಬಿತ್ತಿದ್ದ.

ಕತ್ತಲಾಗುವ ವೇಳೆಗೆ ಹಿಂಡು ಬಂತು. ಮುಂದೆ ಇದ್ದವನು ಸಂಬಳಕ್ಕಿದ್ದ ಹದಿಹರೆಯದ ಹುಡುಗ. ಹಿಂದಿನ ವರ್ಷ ಕುರಿ ತರುಬಿದ್ದು ಈ ನಾಲ್ಕು ಎಕರೆಯಲ್ಲಿಯೇ ಆದ್ದರಿಂದ ಆತ ನೇರವಾಗಿ ಅಲ್ಲಿಗೆ ನಡೆಸಿದ. ಹಿರಿಯರು ಕುದುರೆಗಳ ಜೊತೆ ಹಿಂದಿನಿಂದ ಬಂದು ನೋಡುವಷ್ಟರಲ್ಲಿ ಹಿಂಡು ಹೊಲದ ನಡುವಿನಲ್ಲಿತ್ತು. ಹಸಿರಿಗೆ ಬಿದ್ದ ಹಿಂಡನ್ನು ಗಡಿಬಿಡಿಯಲ್ಲಿ ಹೊರಡಿಸಿದಾಗ ಅವು ಹಳ್ಳದ ಕಡೆಯ ಮೂಲೆಯಲ್ಲಿ ಒತ್ತೊತ್ತಾಗಿ ಸೇರಿ ಅಲ್ಲಿನ ಪೈರನ್ನು ಬೇರು ಸಹಿತ ತುಳಿದು ಹಾಕಿದವು.

ಕುರಿಗಳನ್ನು ಕೂಡಿ ಹಾಕಿದ ರಾತ್ರಿ

ಸುದ್ದಿ ತಿಳಿದು ಲಾವಣಿದಾರನ ಕಡೆಯ ಯುವಕರು ಓಡಿ ಬಂದರು. ಸುಮಾರು ಅರವತ್ತು ಕುರಿಗಳನ್ನು ಬೇರ್ಪಡಿಸಿ, ಆತನ ಸೋದರಮಾವನ ಗೋದಾಮಿಗೆ ಹೊಡೆದುಕೊಂಡು ಹೋಗಿ ಬಾಗಿಲು ಹಾಕಿದರು. ‘ಒಂದು ಲಕ್ಷ ಇಟ್ಟು ಬಿಡಿಸಿಕೊಂಡು ಹೋಗಿ’ ಎಂದರು.

ಬೆಳೆಗೆ ನುಗ್ಗಿದ ಜಾನುವಾರುಗಳನ್ನು ಹಿಡಿಯುವ ಹಕ್ಕು ಬೇಸಾಯಗಾರನಿಗೆ ಕಾನೂನಿನಲ್ಲಿದೆ. 1871ರ ಜಾನುವಾರು ಅತಿಕ್ರಮಣ ಕಾಯ್ದೆಯಲ್ಲಿ ಕುರಿ, ಆಡುಗಳೂ ಸೇರುತ್ತವೆ. ಆದರೆ ಹಿಡಿದದ್ದನ್ನು 24 ಗಂಟೆಯೊಳಗೆ ದೊಡ್ಡಿಗೆ (ಹಿಡಿದ ಜಾನುವಾರುಗಳನ್ನು ಇರಿಸುವ ಸಾರ್ವಜನಿಕ ಆವರಣಕ್ಕೆ) ಒಪ್ಪಿಸಬೇಕು; ಸ್ವಂತ ಜಾಗದಲ್ಲಿ ಒತ್ತೆ ಇಟ್ಟುಕೊಂಡು ಹಣ ಕೇಳುವುದಕ್ಕೆ ಅವಕಾಶವಿಲ್ಲ. ಕರ್ನಾಟಕ 1966ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಾಗಲೂ ದೊಡ್ಡಿಯ ಏರ್ಪಾಡು ಉಳಿಯಿತು. ಈ ಊರಿನ ದೊಡ್ಡಿಯ ಗೋಡೆ ಬಿದ್ದು ವರ್ಷಗಳಾಗಿವೆ, ಅಲ್ಲಿ ಈಗ ಪೈಪುಗಳನ್ನು ಪೇರಿಸಿದ್ದಾರೆ. ಕಾನೂನು ಪಾಲಿಸಬೇಕೆಂದು ಬಯಸಿದ ರೈತನಿಗೂ ಆ ರಾತ್ರಿ ಹಾಗೆ ಮಾಡುವ ದಾರಿ ಇರಲಿಲ್ಲ. ಇದನ್ನು ನಾನು ಒತ್ತಿ ಹೇಳಲು ಬಯಸುತ್ತೇನೆ, ಏಕೆಂದರೆ ಇಂಥ ಪ್ರಕರಣಗಳಲ್ಲಿ ‘ಯುವಕರು ಕಾನೂನು ಕೈಗೆತ್ತಿಕೊಂಡರು’ ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ.

ಯಾರೂ ಯೋಚಿಸದಿದ್ದ ಸಂಗತಿಯೊಂದಿತ್ತು. ಹಿಡಿದ ಕುರಿಗಳಲ್ಲಿ ಬಹಳಷ್ಟು ಹಾಲುಣಿಸುವ ತಾಯಿಗಳು. ಎಳೆಯ ಮರಿಗಳು ನಡೆಯಲಾರವು, ಆದ್ದರಿಂದ ಹಗಲಿಡೀ ಬಿಡಾರದಲ್ಲಿ ಬಲೆಯೊಳಗೆ ಉಳಿದಿರುತ್ತವೆ. ಸಂಜೆ ತಾಯಿ ಬಂದ ಮೇಲೆಯೇ ಅವಕ್ಕೆ ಹಾಲು. ರಾತ್ರಿ ಹೆಚ್ಚಾದಂತೆ ಬಲೆಯೊಳಗಿನ ಮರಿಗಳ ಅರಚಾಟ ಊರಿಗೇ ಕೇಳುತ್ತಿತ್ತು ಎಂದು ಹಲವರು ಹೇಳಿದರು. ನಡುರಾತ್ರಿಯ ಹೊತ್ತಿಗೆ ಕುರಿಗಾಹಿ ಹೆಣ್ಣುಮಕ್ಕಳು ಮರಿಗಳನ್ನು ಕಂಬಳಿಯಲ್ಲಿ ಹೊತ್ತು ಗೋದಾಮಿನ ಮುಂದೆ ಬಂದು ನಿಂತರು. ಯುವಕರು ಬಾಗಿಲು ತೆಗೆಯಲು ಒಪ್ಪಲಿಲ್ಲ. ತೆಗೆಸಿದವರು ಲಾವಣಿದಾರನ ತಾಯಿ. ‘ನ್ಯಾಯ ಬೆಳಿಗ್ಗೆ ಆಗಲಿ, ಮೊದಲು ಮರಿಗಳು ಹಾಲು ಕುಡಿಯಲಿ’ ಎಂದು ಹೇಳಿ ತಾವೇ ಅಗುಳಿ ಸರಿಸಿದರು. ಅಷ್ಟರಲ್ಲಿ ಎರಡು ಮರಿಗಳು ಸತ್ತಿದ್ದವು.

ಹಿರಿಯ ಕುರಿಗಾಹಿ ನನಗೆ ಹೇಳಿದ ಪ್ರಕಾರ ಆ ರಾತ್ರಿ ಅವರ ಕಡೆಯ ಯುವಕರೂ ಬಡಿಗೆ ಹಿಡಿದು ಸಿದ್ಧರಾಗಿದ್ದರು. ಬಾಗಿಲು ತೆರೆದ ಸುದ್ದಿ ಬಿಡಾರ ತಲುಪಿದ್ದರಿಂದಲೇ ಅವರನ್ನು ಕೂರಿಸಲು ಸಾಧ್ಯವಾಯಿತು. ಇಡೀ ಪ್ರಕರಣದಲ್ಲಿ ಯಾರಿಗೂ ಪೆಟ್ಟಾಗಲಿಲ್ಲ. ಅದಕ್ಕೆ ಕಾರಣ ಒಬ್ಬ ತಾಯಿಯ ಆ ನಿರ್ಧಾರ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಮೊದಲ ಪಂಚಾಯಿತಿ

ಮರುದಿನ ಬೆಳಿಗ್ಗೆ ಎರಡೂ ಕಡೆಯವರು ಠಾಣೆಗೆ ಹೋದರು. ಊರಿನಲ್ಲಿಯೇ ರಾಜಿ ಮಾಡಿಕೊಳ್ಳಲು ಹೇಳಿ ಪೊಲೀಸರು ಕಳುಹಿಸಿದರು. ಸಂಜೆ ಗುಡಿಯ ಕಟ್ಟೆಯ ಮೇಲೆ ಹಿರಿಯರು ಸೇರಿದರು. ಹೊಲ ನೋಡಿ ಬಂದವರು ಒಬ್ಬಿಬ್ಬರಷ್ಟೇ. ‘ನಾಲ್ಕೂ ಎಕರೆ ಹೋಯಿತು’ ಎಂದು ಒಂದು ಕಡೆ. ‘ಕಡಲೆಯ ಕುಡಿ ಚಿವುಟಿದಂತೆ ಆಗಿದೆ, ಮತ್ತೆ ಚಿಗುರುತ್ತದೆ, ಐದು ಸಾವಿರ ಕೊಡುತ್ತೇವೆ’ ಎಂದು ಇನ್ನೊಂದು ಕಡೆ. ಕೂಗಾಟದ ನಡುವೆ ಹಿರಿಯರು 15,000 ರೂಪಾಯಿ ದಂಡ ಎಂದು ತೀರ್ಮಾನಿಸಿದರು. ಕುರಿಗಾಹಿಗಳು ಎಂಟು ಕುರಿಗಳನ್ನು ಅಲ್ಲಿಯೇ ಒಬ್ಬ ವ್ಯಾಪಾರಿಗೆ ಸಿಕ್ಕ ಬೆಲೆಗೆ ಮಾರಿ ಹಣ ಹೊಂದಿಸಿದರು. ದಂಡ ಕಳೆದು ಉಳಿದದ್ದು ಮುಂದಿನ ದಾರಿಯ ಖರ್ಚಿಗೆ. ಕೂಡಿ ಹಾಕಿದ್ದ ಕುರಿಗಳನ್ನು ಬಿಡಲು ಗೋದಾಮಿನ ಬಾಗಿಲು ಮತ್ತೆ ತೆರೆಯಿತು.

ಹಣ ಹೋದದ್ದು ಭೂಮಾಲೀಕರ ಕೈಗೆ. ಪಹಣಿ ಅವರ ಹೆಸರಿನಲ್ಲಿದೆ, ಹೊಲ ಅವರದು, ಆದ್ದರಿಂದ ಹಣವೂ ಅವರದು ಎಂದು ಕಟ್ಟೆಯ ಮೇಲಿದ್ದವರು ಹೆಚ್ಚು ಯೋಚಿಸದೆ ಕೊಟ್ಟುಬಿಟ್ಟರು. ಲಾವಣಿದಾರನನ್ನು ಸಭೆಗೆ ಕರೆದಿರಲಿಲ್ಲ. ಆತ ಗೋದಾಮಿನ ಬಳಿ ಕಾವಲಿದ್ದ. ಬಾಗಿಲು ತೆರೆಯಲು ಹೇಳಿ ಕಳುಹಿಸಿದಾಗ, ಹಣ ತನಗೇ ಬರುತ್ತದೆಂದು ನಂಬಿ ತೆರೆದ.

ಇಲ್ಲಿ ಭೂಸುಧಾರಣೆಯ ಇತಿಹಾಸವನ್ನು ನೆನೆಯಬೇಕು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಮೇಲೆ ಕರ್ನಾಟಕದಲ್ಲಿ ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ನಿಷಿದ್ಧ. ಲಕ್ಷಾಂತರ ಗೇಣಿದಾರರಿಗೆ ಭೂಮಿ ಕೊಟ್ಟ ಕಾನೂನು ಅದು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಲಾವಣಿ ನಿಲ್ಲಲಿಲ್ಲ, ಕಾಗದದಿಂದ ಕಣ್ಮರೆಯಾಯಿತು ಅಷ್ಟೇ. ಬಿತ್ತಿದವನ ಹೆಸರು ಎಲ್ಲಿಯೂ ಇರುವುದಿಲ್ಲ. ಬೆಳೆ ಹಾಳಾದಾಗ ಆತ ಸರ್ಕಾರಿ ದಾಖಲೆಯಲ್ಲಿ ಮಾತ್ರವಲ್ಲ, ತನ್ನ ಊರಿನ ಕಟ್ಟೆಯ ಮೇಲೂ ಕಾಣಿಸಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹಿಂಡು ಹೊರಡಲು ಸಿದ್ಧವಾದಾಗ ಲಾವಣಿದಾರ ಮತ್ತು ಆತನ ತಮ್ಮಂದಿರು ಬಂಡಿದಾರಿಗೆ ಅಡ್ಡಲಾಗಿ ಟ್ರ್ಯಾಕ್ಟರ್ ನಿಲ್ಲಿಸಿದರು. ಕುರಿಗಾಹಿಗಳ ದೃಷ್ಟಿಯಲ್ಲಿ ಇದು ಮೋಸ: ದಂಡ ಕಟ್ಟಿಯಾಗಿದೆ, ಮತ್ತೆ ಏನು? ಆತನ ದೃಷ್ಟಿಯಲ್ಲಿಯೂ ಮೋಸವೇ: ನನ್ನ ಬೆಳೆ ಹೋಯಿತು, ಹಣ ಇನ್ನೊಬ್ಬರಿಗೆ. ಇಬ್ಬರೂ ಸರಿಯಾಗಿಯೇ ಹೇಳುತ್ತಿದ್ದರು.

ಎರಡನೆಯ ಸುತ್ತು

ಈ ಹಂತದಲ್ಲಿ ಊರಿನ ನಿವೃತ್ತ ಶಿಕ್ಷಕರೊಬ್ಬರು ನನ್ನನ್ನು ಮತ್ತು ಕುರಿಗಾಹಿಗಳ ನಂಬಿಕೆಯ ಒಬ್ಬ ಪಶುವೈದ್ಯಕೀಯ ಸಿಬ್ಬಂದಿಯನ್ನು ಕರೆಸಿದರು. ಶಿಕ್ಷಕರು ಮೊದಲು ತೆಗೆದುಕೊಂಡ ತೀರ್ಮಾನವೇ ಬಹಳ ಮುಖ್ಯವಾದದ್ದು: ಸಭೆ ಕಟ್ಟೆಯ ಮೇಲೆ ಬೇಡ, ಹೊಲದಲ್ಲಿ ನಡೆಯಲಿ, ಮಾಲೀಕರು, ಬಿತ್ತಿದವನು, ಕುರಿಗಾಹಿ, ಮೂವರೂ ಇರಲಿ. ಹಿಂಡಿಗೆ ಅಲ್ಲಿಯವರೆಗೆ ಮಾಲೀಕರ ಬೀಳು ಹೊಲದಲ್ಲಿ ಇಳಿದುಕೊಳ್ಳಲು ಅವಕಾಶವಾಯಿತು.

ಹೊಲದಲ್ಲಿ ನಡೆದಾಡಿದ ಮೇಲೆ ಮಾತಿನ ಧಾಟಿಯೇ ಬದಲಾಯಿತು. ನಾಲ್ಕು ಎಕರೆಯೂ ಒಂದೇ ಸಮನಾಗಿ ಹಾಳಾಗಿರಲಿಲ್ಲ. ಸುಮಾರು ಒಂದೂವರೆ ಎಕರೆಯನ್ನು ಕುರಿ ಮುಟ್ಟಿಯೇ ಇರಲಿಲ್ಲ. ಇನ್ನೊಂದೂವರೆ ಎಕರೆಯಲ್ಲಿ ಕುಡಿ ಮಾತ್ರ ಮೇದಿದ್ದವು. ಹಳ್ಳದ ಕಡೆಯ ಒಂದು ಎಕರೆ ತುಳಿದು ನೆಲಕಚ್ಚಿತ್ತು. ಕಡಲೆಗೆ ಒಂದು ವಿಶೇಷವಿದೆ: ಹೂ ಬಿಡುವ ಮೊದಲು, ಬಿತ್ತಿದ ತಿಂಗಳಿನ ಆಸುಪಾಸಿನಲ್ಲಿ ಕುಡಿ ಚಿವುಟಿದರೆ ಹೆಚ್ಚು ಕವಲೊಡೆಯುತ್ತದೆ; ರೈತರೇ ಬೇಕೆಂದು ಚಿವುಟುತ್ತಾರೆ. ಹಾಗಾಗಿ ಹಿರಿಯ ಕುರಿಗಾಹಿಯ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ಆದರೆ ಕುರಿ ಕೈಬೆರಳಿನಂತೆ ಅಳತೆ ಮಾಡಿ ಚಿವುಟುವುದಿಲ್ಲ, ಮತ್ತು ತುಳಿದ ಎಕರೆಗೆ ಆ ಮಾತು ಅನ್ವಯಿಸುವುದೇ ಇಲ್ಲ.

ಹಾಗಾದರೆ ನಷ್ಟ ಎಷ್ಟು? ಅಂದು ಯಾರೂ ಹೇಳುವಂತಿರಲಿಲ್ಲ. ಸುಗ್ಗಿಯಲ್ಲಿ ಮೂರೂ ಭಾಗಗಳಿಂದ ಒಂದೇ ಅಳತೆಯ ತುಂಡುಗಳನ್ನು ಕಿತ್ತು, ಬಡಿದು, ತೂಗುವುದು ಎಂದು ನಿರ್ಧಾರವಾಯಿತು. ಮುಟ್ಟದ ಭಾಗದ ಇಳುವರಿಯೇ ಅಳತೆಗೋಲು. ಪೇಟೆಯ ದರ ಏರಿಳಿಯುವುದರಿಂದ ಆ ಹಂಗಾಮಿನ ಬೆಂಬಲ ಬೆಲೆಯನ್ನೇ, ಕ್ವಿಂಟಲ್‌ಗೆ 5,440 ರೂಪಾಯಿಯನ್ನೇ, ಹಿಡಿಯುವುದು. ಮಾಲೀಕರ ಬಳಿ ಇದ್ದ 15,000 ರೂಪಾಯಿ ಅಲ್ಲಿಯೇ ಲಾವಣಿದಾರನ ಕೈಗೆ ಮುಂಗಡವಾಗಿ ಬಂತು. ಲೆಕ್ಕದಲ್ಲಿ ಹೆಚ್ಚಾದರೆ ಕುರಿಗಾಹಿಗಳು ಕೊಡಬೇಕು, ಕಡಿಮೆಯಾದರೆ ಆತ ಹಿಂದಿರುಗಿಸಬೇಕು. ಸುಗ್ಗಿಯ ಹೊತ್ತಿಗೆ ಹಿಂಡು ದೂರದಲ್ಲಿರುತ್ತದೆ, ಆದ್ದರಿಂದ ಅವರ ಪರವಾಗಿ ಮಾಲೀಕರೇ ಜಾಮೀನು. ಹೊಲದ ಗುರುತನ್ನು ಬಿಡಿಸಿ ಹೇಳದೆ ಕರೆದವರು ತಾವು ಎಂಬುದನ್ನು ಅವರು ಹೊಲದಲ್ಲಿ ನಿಂತು ಒಪ್ಪಿಕೊಂಡಿದ್ದರಿಂದ ಇದು ಸಾಧ್ಯವಾಯಿತು.

ಆಮೇಲೆ ಮಾತು ಮತ್ತೆ ಸಿಕ್ಕಿಕೊಂಡಿತು. ಹಿರಿಯ ಕುರಿಗಾಹಿ ಸೌಹಾರ್ದದಿಂದಲೇ ಹೇಳಿದರು: ‘ತಮ್ಮಾ, ವಾಪಸು ಬರುವಾಗ ನಿನ್ನ ಹೊಲದಲ್ಲಿ ಹತ್ತು ರಾತ್ರಿ ಪುಕ್ಕಟೆ ಕುರಿ ತರುಬುತ್ತೇವೆ.’ ಲಾವಣಿದಾರ ಮುಖ ತಿರುಗಿಸಿದ. ಆತನಿಗೆ ಸೊಕ್ಕು ಎಂದುಕೊಂಡವರೇ ಹೆಚ್ಚು. ಬಹಳ ಹೊತ್ತಿನ ಮೇಲೆ ಆತ ಹೇಳಿದ: ‘ಅಜ್ಜ, ಯುಗಾದಿಗೆ ಈ ಹೊಲ ನನ್ನ ಕೈಯಲ್ಲಿ ಇರುವುದಿಲ್ಲ. ಗೊಬ್ಬರ ಯಾರಿಗೆ ಹಾಕುತ್ತೀರಿ?’

ಪ್ರಕರಣದ ನಿಜವಾದ ಗಂಟು ಈ ಮಾತಿನಲ್ಲಿತ್ತು. ಕುರಿಗೊಬ್ಬರದ ಫಲ ಒಂದೇ ಬೆಳೆಗೆ ಮುಗಿಯುವುದಿಲ್ಲ, ಎರಡು ಮೂರು ಬೆಳೆಯವರೆಗೂ ಉಳಿಯುತ್ತದೆ. ಒಂದು ವರ್ಷದ ಲಾವಣಿದಾರನಿಗೆ ಹಿಂಡು ಬಂದರೆ ಬೆಳೆಯ ಅಪಾಯ ಮಾತ್ರ, ಲಾಭವೆಲ್ಲ ಮಾಲೀಕರಿಗೆ. ಹಿಂದೆ ಹೊಲದ ಒಡೆಯನೇ ಬಿತ್ತುತ್ತಿದ್ದಾಗ ಲಾಭ, ಅಪಾಯ ಎರಡೂ ಒಬ್ಬನದೇ ಆಗಿದ್ದವು. ಸಣ್ಣಪುಟ್ಟ ಹಾನಿಯನ್ನು ಆತ ಗೊಬ್ಬರದ ಲೆಕ್ಕದಲ್ಲಿ ಸರಿದೂಗಿಸಿಕೊಳ್ಳುತ್ತಿದ್ದ. ಊರಿನಲ್ಲಿ ಲಾವಣಿ ಹೆಚ್ಚಾದಂತೆ ಕುರಿಗಾಹಿಗಳನ್ನು ಸ್ವಾಗತಿಸುವವರೂ ಶಪಿಸುವವರೂ ಬೇರೆ ಬೇರೆ ಜನರಾದರು. ‘ಈಗಿನ ರೈತರಿಗೆ ಸಹನೆ ಇಲ್ಲ’ ಎಂದು ಹಿರಿಯರು ಹೇಳುವುದನ್ನು ಎಷ್ಟೋ ಕಡೆ ಕೇಳಿದ್ದೇನೆ. ಸಹನೆಯಿಂದಿರಲು ಬೇಕಾದ ಕಾರಣವೇ ಅವರ ಕೈತಪ್ಪಿದೆ.

ಶಿಕ್ಷಕರು ಮಾಲೀಕರನ್ನು ಸ್ವಲ್ಪ ದೂರ ಕರೆದುಕೊಂಡು ಹೋಗಿ ಮಾತನಾಡಿದರು. ಮರಳಿ ಬಂದ ಮಾಲೀಕರು ಅದೇ ದರಕ್ಕೆ ಇನ್ನೂ ಎರಡು ವರ್ಷ ಹೊಲ ಆತನ ಕೈಯಲ್ಲಿಯೇ ಇರಲಿ ಎಂದರು. ಲಾವಣಿ ಎಂಬ ಪದವನ್ನು ಬರೆಯಲು ಅವರಿಗೆ ಭಯವಿತ್ತು, ಆದ್ದರಿಂದ ಒಪ್ಪಂದದ ಕಾಗದದಲ್ಲಿ ‘ಬೆಳೆ ಮಾಡಿದವರು’ ಎಂದಷ್ಟೇ ಬಂತು. ಎರಡು ವರ್ಷದ ಮಾತಿಗೆ ಅಲ್ಲಿದ್ದವರೇ ಸಾಕ್ಷಿ. ಲಾವಣಿದಾರ ಹತ್ತು ರಾತ್ರಿಯ ಕುರಿಯನ್ನು ಒಪ್ಪಿಕೊಂಡ. ಟ್ರ್ಯಾಕ್ಟರ್ ಸರಿಯಿತು.

ಫಲಿತಾಂಶ

ಫೆಬ್ರುವರಿಯಲ್ಲಿ ತೂಗಿದಾಗ ಮುಟ್ಟದ ಭಾಗದಲ್ಲಿ ಎಕರೆಗೆ ಸುಮಾರು 4 ಕ್ವಿಂಟಲ್, ಕುಡಿ ಮೇದ ಭಾಗದಲ್ಲಿ ಮೂರೂವರೆ, ತುಳಿದ ಎಕರೆಯಲ್ಲಿ 1 ಕ್ವಿಂಟಲ್ ಬಂತು. ಒಟ್ಟು ನಷ್ಟ ಮೂರೂಮುಕ್ಕಾಲು ಕ್ವಿಂಟಲ್, ಹಣದಲ್ಲಿ 20,400 ರೂಪಾಯಿ. ಬಾಕಿ 5,400 ರೂಪಾಯಿಯನ್ನು ಮಾಲೀಕರು ಕೊಟ್ಟು, ಹಿಂಡು ಮರಳಿದಾಗ ಕುರಿಗಾಹಿಗಳಿಂದ ಪಡೆದುಕೊಂಡರು. ಹತ್ತು ರಾತ್ರಿ ಕುರಿ ತರುಬಿದರು.

ಕಟ್ಟೆಯ ಮೇಲೆ ಊಹೆಯಿಂದ ಹಾಕಿದ ದಂಡಕ್ಕೂ ಈ ಮೊತ್ತಕ್ಕೂ ಅಂತರ ಬಹಳ ದೊಡ್ಡದೇನಲ್ಲ. ಆದರೂ ಮೊದಲನೆಯದು ಟ್ರ್ಯಾಕ್ಟರ್ ಅಡ್ಡ ನಿಲ್ಲಿಸುವಂತೆ ಮಾಡಿತು, ಎರಡನೆಯದನ್ನು ಯಾರೂ ಪ್ರಶ್ನಿಸಲಿಲ್ಲ. ತೂಕ ಮಾಡುವಾಗ ಲಾವಣಿದಾರನೇ ತಕ್ಕಡಿ ಹಿಡಿದಿದ್ದ, ಕುರಿಗಾಹಿಗಳ ಕಡೆಯಿಂದ ಅವರ ನೆಂಟರೊಬ್ಬರು ಬಂದು ನೋಡಿದರು. ಬೇರೆ ಊರಿನವರು ನನ್ನನ್ನು ಕೇಳಿದಾಗ ನಾನು ಮೊತ್ತಕ್ಕಿಂತ ಹೆಚ್ಚಾಗಿ ಇದನ್ನೇ ಹೇಳುತ್ತೇನೆ: ಮೊದಲು ಬಿತ್ತಿದವರು ಯಾರು ಎಂದು ಕೇಳಿ, ಹೊಲಕ್ಕೆ ಹೋಗಿ ಕುಳಿತುಕೊಳ್ಳಿ, ಎಳೆಯ ಬೆಳೆಯ ನಷ್ಟವನ್ನು ಅದೇ ದಿನ ತೀರ್ಮಾನಿಸಲು ಆತುರಪಡಬೇಡಿ. ಬೆಳೆ ಹೂವಿಗೋ ಕಾಯಿಗೋ ಬಂದಿದ್ದರೆ ಮಾತು ಬೇರೆ. ಆಗ ಚಿಗುರುವ ಆಸೆ ಇರುವುದಿಲ್ಲ, ಕಾಯುವುದರಲ್ಲಿ ಅರ್ಥವೂ ಇಲ್ಲ.

2024ರ ಹಂಗಾಮಿಗೆ ಶಿಕ್ಷಕರು ಮತ್ತು ಹಿರಿಯ ಕುರಿಗಾಹಿ ಒಂದು ಸಣ್ಣ ಏರ್ಪಾಡು ಮಾಡಿಕೊಂಡರು. ಹಿಂಡು ತಾಲ್ಲೂಕಿನ ಗಡಿ ತಲುಪುವ ವಾರ ಮೊದಲು ಕರೆ ಬರುತ್ತದೆ. ಮಸಾರಿಯಲ್ಲಿ ಎರಡನೆಯ ಬೆಳೆ ಎಲ್ಲೆಲ್ಲಿದೆ ಎಂದು ಶಿಕ್ಷಕರು ತಿಳಿಸುತ್ತಾರೆ. ಕುರಿ ತರುಬಲು ಕರೆಯುವವರು ಯಾರೇ ಆಗಿರಲಿ, ಹಗಲು ಹೊತ್ತಿನಲ್ಲಿ ಹಿಂಡಿನವರಿಗೆ ಹೊಲ ತೋರಿಸಿಯೇ ಕರೆಯಬೇಕು. ಆ ವರ್ಷ ಈ ಹಿಂಡಿನಿಂದ ಯಾವ ದೂರೂ ಬರಲಿಲ್ಲ.

ಬಗೆಹರಿಯದೆ ಉಳಿದದ್ದು

ಒಪ್ಪಂದದ ಕಾಗದದಲ್ಲಿ ಸತ್ತ ಎರಡು ಮರಿಗಳ ಉಲ್ಲೇಖವಿದೆ, ಪರಿಹಾರವಿಲ್ಲ. ಕುರಿಗಾಹಿಗಳು ಒತ್ತಾಯಿಸಲಿಲ್ಲ. ದಾರಿಯುದ್ದಕ್ಕೂ ಪರರ ಊರುಗಳಲ್ಲಿ ಬದುಕಬೇಕಾದವರು ಸಾಮಾನ್ಯವಾಗಿ ಒತ್ತಾಯಿಸುವುದಿಲ್ಲ. ಅದನ್ನು ಅವರ ಒಪ್ಪಿಗೆ ಎಂದು ಓದುವುದು ಅನ್ಯಾಯ. ಆತುರದಲ್ಲಿ ಕಡಿಮೆ ಬೆಲೆಗೆ ಮಾರಿದ ಎಂಟು ಕುರಿಗಳ ನಷ್ಟವನ್ನೂ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಬೆಳೆಯ ನಷ್ಟಕ್ಕೆ ತಕ್ಕಡಿ ತಂದೆವು, ಹಿಂಡಿನ ನಷ್ಟಕ್ಕೆ ತರಲಿಲ್ಲ.

ಇದರ ಪರಿಣಾಮ 2024ರ ಕೊನೆಯಲ್ಲಿಯೇ ಕಾಣಿಸಿತು. ಇನ್ನೊಂದು ಗುಂಪಿನ ಹಿಂಡು ಊರು ಹಾಯುವಾಗ ಬದುವಿನ ಹುಲ್ಲು ಮೇದು ಐದು ಕುರಿಗಳು ಸತ್ತವು. ಹಿಂದಿನ ದಿನ ಅಲ್ಲಿ ಕಳೆನಾಶಕ ಹೊಡೆದಿದ್ದರು ಎಂಬುದು ಕುರಿಗಾಹಿಗಳ ದೂರು. ಮರಣೋತ್ತರ ಪರೀಕ್ಷೆಗೆ ಕಾಯುವಷ್ಟು ಸಮಯ ಅವರಿಗಿರಲಿಲ್ಲ, ಹಿಂಡು ಮುಂದೆ ಹೋಯಿತು. ನಮ್ಮ ಏರ್ಪಾಡಿನಲ್ಲಿ ಅದಕ್ಕೆ ಜಾಗವೂ ಇರಲಿಲ್ಲ, ಆ ಗುಂಪು ಅದರ ಭಾಗವೂ ಆಗಿರಲಿಲ್ಲ.

ವಲಸೆ ಕುರಿಗಾಹಿಗಳ ಕಲ್ಯಾಣ ಮತ್ತು ದೌರ್ಜನ್ಯದಿಂದ ರಕ್ಷಣೆಗೆಂದು ರಾಜ್ಯ ವಿಧಾನಮಂಡಲ 2025ರಲ್ಲಿ ಮಸೂದೆ ಅಂಗೀಕರಿಸಿತು. ಕುರಿಗಳನ್ನು ಒತ್ತೆ ಹಿಡಿಯುವಂಥ ಘಟನೆಗಳಿಗೆ ಅದರಿಂದ ತಡೆ ಬಿದ್ದರೆ ನನಗೆ ಸಂತೋಷ. ಆದರೆ ಲಾವಣಿಗೆ ಬಿತ್ತಿದವನ ಹೆಸರು ಇನ್ನೂ ಯಾವ ದಾಖಲೆಯಲ್ಲಿಯೂ ಇಲ್ಲ. ಊರಿನ ಮಟ್ಟದಲ್ಲಿ, ಕಳೆನಾಶಕ ಹೊಡೆದವರು ಬದುವಿನ ಮೇಲೆ ಕೆಂಪು ಬಟ್ಟೆ ಕಟ್ಟಬೇಕು ಎಂಬ ಸಾಲು 2025ರ ಒಪ್ಪಂದಕ್ಕೆ ಸೇರಿದೆ. ಬಟ್ಟೆ ಕಟ್ಟದೆ ಕುರಿ ಸತ್ತರೆ ಯಾರು, ಎಷ್ಟು ಕೊಡಬೇಕು ಎಂಬ ಸಾಲಿಗೆ ರೈತರ ಕಡೆಯವರು ಇನ್ನೂ ಸಹಿ ಹಾಕಿಲ್ಲ. ಹಾಕಬೇಕೆಂದು ಸಭೆಯಲ್ಲಿ ವಾದಿಸುತ್ತಿರುವವರಲ್ಲಿ ಆ ಲಾವಣಿದಾರನೂ ಒಬ್ಬ.